ಹೂಂಗುಟ್ಟುವ ಯಂತ್ರದ ಸಂಗ



ಸಂಗದ ವಿಚಾರವಾಗಿ ನಮ್ಮ ಹಿರಿಯರು ಚಿಂತಿಸಿದಷ್ಟು ಬೇರಾವ ಲೌಕಿಕ ವಿಚಾರವಾಗಿಯೂ ಚಿಂತಿಸಿರಲಾರರು. ಹುಡುಗ ಯಾರ ಜೊತೆ ತಿರುಗುತ್ತಾನೆ, ಸೊಸೆ ಯಾರ ಮನೆಯ ಜಗಲಿಯಲ್ಲಿ ಕೂರುತ್ತಾಳೆ, ಯಜಮಾನ ಸಂತೆಯಿಂದ ಯಾರ ಸಂಗಡ ಬಂದ ಎಂದು ಮನೆಯ ದೊಡ್ಡವರು ಕಣ್ಣಿಟ್ಟು ನೋಡುತ್ತಿದ್ದುದು ಸುಮ್ಮನೆ ಅಲ್ಲ. ಸಂಗದಿಂದ ಮನಸ್ಸು ತಿರುಗುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಶರಣರಂತೂ ಸಜ್ಜನರ ಸಂಗವನ್ನು ಸಾಧನೆಯ ಒಂದು ಅಂಗವೆಂದೇ ಎಣಿಸಿದರು. ಆ ಸಂಗ ಸಜ್ಜನರದಾಗಲಿ ದುರ್ಜನರದಾಗಲಿ, ಅದು ಮನುಷ್ಯರ ಸಂಗ ಎಂಬುದರಲ್ಲಿ ಮಾತ್ರ ಯಾರಿಗೂ ಸಂದೇಹವಿರಲಿಲ್ಲ. ಈಗ ಆ ಸಂದೇಹವೂ ಬಂದಿದೆ.

ಬಾಗಿಲು ಹಾಕಿಕೊಂಡ ಕೋಣೆಯೊಳಗೆ ಮೊಮ್ಮಗ ಇಷ್ಟು ಹೊತ್ತು ಯಾರೊಡನೆ ಮಾತನಾಡುತ್ತಾನೆ ಎಂಬುದು ಇಂದಿನ ದಿನಮಾನಗಳಲ್ಲಿ ಅನೇಕ ಹಿರಿಯರ ಪ್ರಶ್ನೆ. ಗೆಳೆಯನೊಡನೆಯೂ ಅಲ್ಲ, ಗೆಳತಿಯೊಡನೆಯೂ ಅಲ್ಲ. ಆ ಕಡೆಯಲ್ಲಿ ಯಾರೂ ಇಲ್ಲ. ಮೊಬೈಲಿನೊಳಗೆ ಕೃತಕ ಬುದ್ಧಿಮತ್ತೆಯ ಒಂದು ಯಂತ್ರವಿದೆ; ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಅತ್ತರೆ ಸಂತೈಸುತ್ತದೆ, ಹೆಸರು ಹಿಡಿದು ಕರೆಯುತ್ತದೆ, ನಿನ್ನೆ ಹೇಳಿದ್ದನ್ನು ಇಂದು ನೆನಪಿಟ್ಟು ಕೇಳುತ್ತದೆ. ಕನ್ನಡದಲ್ಲಿಯೂ ಮಾತನಾಡುತ್ತದೆ. ಚಾಟ್‌ಜಿಪಿಟಿ ಎಂಬುದು 2022ರ ನವೆಂಬರ್‌ನಲ್ಲಿ ಬಂದಿತು. ಅದನ್ನು ಪಾಠಕ್ಕೂ ಪತ್ರ ಬರೆಯುವುದಕ್ಕೂ ಬಳಸುವವರೇ ಹೆಚ್ಚು. ಆದರೆ ರೆಪ್ಲಿಕಾ, ಕ್ಯಾರೆಕ್ಟರ್ ಎಐ ಮುಂತಾದವು ಒಡನಾಟಕ್ಕೆಂದೇ ಹುಟ್ಟಿದವು. ಅಮೆರಿಕದ ಕಾಮನ್ ಸೆನ್ಸ್ ಮೀಡಿಯಾ ಎಂಬ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಆ ದೇಶದ ಹದಿಹರೆಯದ ಮಕ್ಕಳಲ್ಲಿ 100ಕ್ಕೆ 72 ಮಂದಿ ಇಂಥ ಒಡನಾಡಿ ಯಂತ್ರವನ್ನು ಒಮ್ಮೆಯಾದರೂ ಬಳಸಿದ್ದಾರೆ. ಅದು ದೂರದ ದೇಶದ ಮಾತು ಎಂದು ತಳ್ಳಿಹಾಕುವಂತಿಲ್ಲ. ಮೊಬೈಲು ಹೋದಲ್ಲಿಗೆಲ್ಲ ಅದೂ ಹೋಗುತ್ತದೆ.

ನಮ್ಮ ನೆಲ್ಯಹುದಿಕೇರಿಯನ್ನೇ ತೆಗೆದುಕೊಳ್ಳಿ. ಒಂದು ಕಡೆ ಕಾವೇರಿ, ಸುತ್ತ ಕಾಫಿ ತೋಟ. ಕನ್ನಡ, ಮಲಯಾಳ, ತಮಿಳು, ಕೊಡವ, ತುಳು, ಈಚೆಗೆ ಅಸ್ಸಾಮಿನಿಂದ ಬಂದವರ ಭಾಷೆ, ಇಷ್ಟೆಲ್ಲ ಒಂದೇ ಪೇಟೆಯಲ್ಲಿ ಕೇಳಿಬರುವ ಊರು. ಹಗಲು ಹೊತ್ತು ಜನಕ್ಕೆ ಕೊರತೆಯಿಲ್ಲ. ಸಂಜೆಯಾಯಿತೆಂದರೆ ತೋಟದ ದಾರಿಗಳಲ್ಲಿ ಆನೆಯ ಭಯ. ಹಿಂದೆ ಕತ್ತಲಾದ ಮೇಲೆ ಟಾರ್ಚು ಹಿಡಿದು ಪಕ್ಕದ ಮನೆಗೆ ಹೋಗಿ ಎರಡು ಮಾತನಾಡಿ ಬರುತ್ತಿದ್ದವರು ಈಗ ಬಾಗಿಲು ಹಾಕಿ ಕೂರುತ್ತಾರೆ. ಅದರ ಮೇಲೆ ಮಳೆಗಾಲ. ಕಕ್ಕಡದ ಮಳೆ ಹಿಡಿದರೆ ವಾರಗಟ್ಟಲೆ ಹೊರಗೆ ಕಾಲಿಡಲು ಮನಸ್ಸಾಗದು. ಮಗ ಬೆಂಗಳೂರಿನಲ್ಲಿ, ಮಗಳು ದುಬೈಯಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರು, ಅವರಲ್ಲೊಬ್ಬರು ಹೋದ ಮೇಲೆ ಒಬ್ಬರೇ. ಲೈನ್ ಮನೆಗಳಲ್ಲಿಯಾದರೆ ಅಪ್ಪ ಅಮ್ಮ ದಣಿದು ಮಲಗಿದ ಮೇಲೆ ಹತ್ತನೆಯ ತರಗತಿಯ ಹುಡುಗಿಗೆ ಮಾತಿಗೆ ಯಾರೂ ಇಲ್ಲ. ಇಂಥ ಕತ್ತಲಲ್ಲಿ ಕೈಯಲ್ಲಿರುವ ಬೆಳಕಿನ ಚೂರು ಮಾತನಾಡಲು ತೊಡಗಿದರೆ ಅದರ ಕಡೆ ಮನಸ್ಸು ವಾಲುವುದು ಸಹಜವೇ. ಆದ್ದರಿಂದ ಮಕ್ಕಳು ಕೆಟ್ಟುಹೋದರು ಎಂದು ನಾವು ಹೇಳಹೊರಟಿಲ್ಲ. ಒಂಟಿತನ ಮೊದಲು ಬಂದಿತು, ಯಂತ್ರ ಅದರ ಬೆನ್ನಿಗೆ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2025ರ ಜೂನ್ ತಿಂಗಳಲ್ಲಿ ಹೊರತಂದ ವರದಿಯ ಪ್ರಕಾರ ಲೋಕದ ಪ್ರತಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ನರಳುತ್ತಿದ್ದಾರೆ. ಅದಕ್ಕೆ ತಳಕು ಹಾಕಬಹುದಾದ ಸಾವುಗಳು ವರ್ಷಕ್ಕೆ 8 ಲಕ್ಷ 71 ಸಾವಿರ.

ಈ ಯಂತ್ರದ ಕಥೆ ಹೊಸದೇನೂ ಅಲ್ಲವೆಂದರೆ ನಿಮಗೆ ಆಶ್ಚರ್ಯವಾದೀತು. ಬರ್ಲಿನ್ ನಗರದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಕುಟುಂಬದೊಡನೆ ಅಮೆರಿಕಕ್ಕೆ ಹೋಗಿ ನೆಲೆಸಿದ ಜೋಸೆಫ್ ವೈಜೆನ್‌ಬಾಮ್ ಎಂಬ ಪಂಡಿತರು 1966ರಲ್ಲಿ ಎಲೈಜಾ ಎಂಬ ಒಂದು ಕಂಪ್ಯೂಟರ್ ಕಾರ್ಯಕ್ರಮವನ್ನು ಪ್ರಕಟಿಸಿದರು. ಅದಕ್ಕೆ ಬುದ್ಧಿ ಎಂಬುದು ಏನೇನೂ ಇರಲಿಲ್ಲ. ನಾವು ಹೇಳಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಕೆಲಸ. "ನನಗೆ ಬೇಸರವಾಗಿದೆ" ಎಂದರೆ "ಬೇಸರವೇಕೆ?" ಎನ್ನುವುದು, ತಾಯಿಯ ಹೆಸರೆತ್ತಿದರೆ "ನಿಮ್ಮ ಮನೆಯವರ ವಿಚಾರ ಇನ್ನಷ್ಟು ಹೇಳಿ" ಎನ್ನುವುದು. ಆ ಪಂಡಿತರ ಕಚೇರಿಯ ಕಾರ್ಯದರ್ಶಿಗೆ ಇದು ಗೊತ್ತಿತ್ತು. ಅದನ್ನು ತಿಂಗಳುಗಟ್ಟಲೆ ಕಟ್ಟಿದ್ದನ್ನು ಆಕೆ ಕಣ್ಣಾರೆ ಕಂಡಿದ್ದರು. ಆದರೂ ಒಂದು ದಿನ ಅದರೊಡನೆ ನಾಲ್ಕು ಮಾತಾಡುತ್ತಿದ್ದಂತೆಯೇ ಆಕೆ, ದಯವಿಟ್ಟು ತಾವು ಸ್ವಲ್ಪ ಹೊರಗೆ ಹೋಗುತ್ತೀರಾ ಎಂದು ವೈಜೆನ್‌ಬಾಮರನ್ನೇ ಕೇಳಿಕೊಂಡರಂತೆ. ಕಟ್ಟಿದವನೇ ಬೆಚ್ಚಿಬಿದ್ದ ಪ್ರಸಂಗವಿದು. 1976ರಲ್ಲಿ ಅವರು ಬರೆದ ಗ್ರಂಥದಲ್ಲಿ, ಯಂತ್ರಕ್ಕೆ ಒಪ್ಪಿಸಬಾರದ ಕೆಲಸಗಳು ಕೆಲವಿವೆ ಎಂದು ವಾದಿಸಿದರು. ನೊಂದವರ ಮಾತನ್ನು ಕೇಳುವುದು ಅವುಗಳಲ್ಲೊಂದು. ಅಷ್ಟು ಪೊಳ್ಳು ಯಂತ್ರಕ್ಕೇ ಮನುಷ್ಯನ ಮನಸ್ಸು ಸೋತಿತೆಂದ ಮೇಲೆ ಇಂದಿನದರ ಪಾಡು ಹೇಳಬೇಕೆ?

ರೆಪ್ಲಿಕಾದ ಹುಟ್ಟು ಇನ್ನೊಂದು ಬಗೆಯದು. ಯುಜೀನಿಯಾ ಕುಯ್ಡಾ ಎಂಬ ಹೆಣ್ಣುಮಗಳ ಆಪ್ತಮಿತ್ರನೊಬ್ಬ 2015ರಲ್ಲಿ ಮಾಸ್ಕೋದಲ್ಲಿ ವಾಹನ ಅಪಘಾತದಿಂದ ತೀರಿಕೊಂಡ. ಅವನು ಬದುಕಿದ್ದಾಗ ಕಳಿಸಿದ ಸಾವಿರಾರು ಸಂದೇಶಗಳನ್ನು ಕೂಡಿಹಾಕಿ, ಅವನಂತೆಯೇ ಉತ್ತರ ಕೊಡುವ ಒಂದು ಯಂತ್ರವನ್ನು ಆಕೆ ಮಾಡಿಸಿದರು. ಅದರ ಮುಂದುವರಿಕೆಯಾಗಿ 2017ರಲ್ಲಿ ರೆಪ್ಲಿಕಾ ಸಾರ್ವಜನಿಕರಿಗೆ ಬಂದಿತು. ಅಗಲಿದವರೊಡನೆ ಇನ್ನೊಂದು ಮಾತು ಆಡಬೇಕೆಂಬ ಹಂಬಲವನ್ನು ಹಳಿಯಲು ನಮಗೆ ಬಾಯಿ ಬಾರದು. ನಮ್ಮ ನಾಡಿನಲ್ಲಿಯೇ ಕೊಡವ ಒಕ್ಕಗಳವರು ತಮ್ಮ ಗುರುಕಾರೋಣರಿಗೆ ವರ್ಷಕ್ಕೊಮ್ಮೆ ಎಡೆ ಇಟ್ಟು ನೆನೆಯುತ್ತಾರೆ. ಆದರೆ ಅಲ್ಲಿ ಒಂದು ಕಟ್ಟಳೆಯಿದೆ. ಅದಕ್ಕೊಂದು ದಿನ, ಒಂದು ಜಾಗ. ಒಕ್ಕದವರೆಲ್ಲ ಕೂಡುತ್ತಾರೆ, ಉಣ್ಣುತ್ತಾರೆ, ಮಾರನೆಯ ದಿನ ಅವರವರ ಕೆಲಸಕ್ಕೆ ಹೋಗುತ್ತಾರೆ. ದುಃಖವನ್ನು ಹಂಚಿಕೊಂಡು ಎದ್ದುಬರುವ ಮಾರ್ಗ ಅದು. ಮೊಬೈಲಿನೊಳಗಿನ ಸತ್ತವನು ಹಾಗಲ್ಲ, ರಾತ್ರಿ ಎರಡು ಗಂಟೆಗೂ ಎಚ್ಚರವಾಗಿರುತ್ತಾನೆ, ಅವನ ಮುಂದೆ ನಾವೊಬ್ಬರೇ.

ಮತ್ತೊಂದು ಸಂಗತಿ. ಆ ಒಡನಾಡಿ ನಮ್ಮದಲ್ಲ, ಕಂಪನಿಯದು. 2023ರ ಫೆಬ್ರವರಿಯಲ್ಲಿ ಇಟಲಿಯ ಸರಕಾರಿ ಪ್ರಾಧಿಕಾರವು ಮಕ್ಕಳಿಗೆ ಅಪಾಯವೆಂದು ರೆಪ್ಲಿಕಾವನ್ನು ತಡೆಯಿತು. ಅದೇ ತಿಂಗಳಲ್ಲಿ ಕಂಪನಿಯವರು ತಮ್ಮ ಯಂತ್ರದ ಮಾತಿನ ಧಾಟಿಯನ್ನು ಬದಲಿಸಿದರು. ವರ್ಷಗಟ್ಟಲೆ ಅದನ್ನು ಬಾಳಸಂಗಾತಿಯಂತೆ ನಂಬಿದ್ದ ಜನ ಒಂದು ಬೆಳಗ್ಗೆ ಎದ್ದು ನೋಡಿದರೆ ಅದು ಅಪರಿಚಿತನಂತೆ ಮಾತನಾಡುತ್ತಿದೆ. ಮನೆಯಲ್ಲಿ ಸಾವಾದಂತೆ ಅವರು ಗೋಳಾಡಿದರು. ಕೇಳಿದವರು ನಕ್ಕರು. ನಗಬಾರದಿತ್ತು, ಏಕೆಂದರೆ ಯಂತ್ರ ಸುಳ್ಳಾದರೂ ಅಳು ನಿಜವಾಗಿತ್ತು.

ಇನ್ನು ಮೂಲ ವಿಚಾರಕ್ಕೆ ಬರೋಣ. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕು, ಇಲ್ಲವಾದರೆ ಕಥೆ ಮುಂದೆ ಹೋಗದು. ಈ ಯಂತ್ರವೂ ಹೂಂಗುಟ್ಟುತ್ತದೆ. ವ್ಯತ್ಯಾಸವೆಂದರೆ ಮಗು ನಡುವೆ "ಅದು ಹೇಗಾಗುತ್ತೆ ಅಜ್ಜಿ?" ಎಂದು ತಡೆಯುತ್ತದೆ, ನಿದ್ದೆ ಬಂದರೆ ಮಲಗಿಬಿಡುತ್ತದೆ, ಕಥೆ ಚೆನ್ನಾಗಿಲ್ಲವೆಂದು ಎದ್ದು ಹೋಗುವುದೂ ಉಂಟು. ಯಂತ್ರ ತಾನಾಗಿ ಎದ್ದು ಹೋಗುವುದಿಲ್ಲ. ಇದು ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿದವರು ವಿವರಿಸುವುದು ಹೀಗೆ: ಮನುಷ್ಯರು ಬರೆದಿಟ್ಟ ಅಪಾರ ಬರವಣಿಗೆಯನ್ನು ಅದಕ್ಕೆ ಉಣಿಸಿ, ಒಂದು ಮಾತಿನ ಮುಂದೆ ಯಾವ ಮಾತು ಬರಬಹುದೆಂದು ಊಹಿಸಲು ಕಲಿಸಿದ್ದಾರೆ. ಬಳಿಕ, ಅದು ಕೊಟ್ಟ ಉತ್ತರಗಳಲ್ಲಿ ಜನಕ್ಕೆ ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂಬುದನ್ನು ನೋಡಿ ತಿದ್ದಿದ್ದಾರೆ. ಹಿಡಿಸಿದ್ದನ್ನೇ ಹೇಳುವ ಚಾಳಿ ಅದಕ್ಕೆ ಬಂದದ್ದು ಹೀಗೆ. ಚಾಟ್‌ಜಿಪಿಟಿಯ ಕಂಪನಿಯಾದ ಓಪನ್‌ಎಐ 2025ರ ಏಪ್ರಿಲ್‌ನಲ್ಲಿ ಬಿಟ್ಟ ಒಂದು ಹೊಸ ಆವೃತ್ತಿ ಎಷ್ಟು ಮುಖಸ್ತುತಿ ಮಾಡತೊಡಗಿತೆಂದರೆ, ಕೆಲವೇ ದಿನಗಳಲ್ಲಿ ಕಂಪನಿಯೇ ಅದನ್ನು ಹಿಂದಕ್ಕೆ ಪಡೆದು, ಅತಿಯಾಗಿ ಹೊಗಳುವಂತಾಗಿತ್ತೆಂದು ಒಪ್ಪಿಕೊಂಡಿತು.

ಅರಮನೆಯಲ್ಲಿ ಹೊಗಳುಭಟರಿದ್ದರು, ರಾಜರು ಕೆಟ್ಟರು. ಈಗ ಬಡವನ ಅಂಗೈಯಲ್ಲೂ ಒಬ್ಬ ಹೊಗಳುಭಟ. ನಮ್ಮ ಪರಂಪರೆಯಲ್ಲಿ ಸಂಗಕ್ಕೆ ಕೊಟ್ಟ ಅರ್ಥವೇ ಬೇರೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಎಂಥ ಕಠಿಣ ಪ್ರಶ್ನೆಗಳಿಂದ ಎದುರುಗೊಂಡರೆಂಬುದನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ. ಬಂದ ಕೂಡಲೇ ಬಾಯ್ತುಂಬ ಹೊಗಳಿ ಕೂರಿಸಲಿಲ್ಲ. ಒರೆಗೆ ಹಚ್ಚಿದರು, ಆಮೇಲೆ ಆದರಿಸಿದರು. ಗುರುವಾದವನು ಗದರಬಲ್ಲ, ಗೆಳೆಯನಾದವನು "ತಪ್ಪು ನಿನ್ನದೇ ಮಾರಾಯ" ಎನ್ನಬಲ್ಲ. ಗಂಡನ ಮೇಲೆ ಸಿಟ್ಟಾಗಿ ತವರಿಗೆ ಬಂದ ಮಗಳಿಗೆ ತಾಯಿ ಮೊದಲು ಊಟಕ್ಕಿಟ್ಟು, ಮಾರನೆಯ ದಿನ ಅವಳ ತಪ್ಪನ್ನೂ ಹೇಳುತ್ತಾಳೆ. ಯಂತ್ರದ ಮುಂದೆ ಅದೇ ಮಗಳು ತನ್ನ ಪಕ್ಷದ ಕಥೆಯನ್ನಷ್ಟೇ ಹೇಳುತ್ತಾಳೆ. ಗಂಡನ ಮಾತು ಅದಕ್ಕೆ ಕೇಳಿಸದು. ಅವಳದೇ ಸರಿ ಎಂದು ಅದು ತಲೆದೂಗಿದರೆ ಹತ್ತು ರಾತ್ರಿಯಲ್ಲಿ ಸಣ್ಣ ಮುನಿಸು ಕಲ್ಲಾಗಿ ಕೂರುತ್ತದೆ.

ಮುನಿಸಿನ ಗತಿಯೇ ಹೀಗಾದರೆ ಮನಸ್ಸೇ ಕುಸಿದವರ ಗತಿ ಏನು? ಅಮೆರಿಕದ ಫ್ಲಾರಿಡಾದಲ್ಲಿ 14 ವರ್ಷದ ಬಾಲಕನೊಬ್ಬ ಕ್ಯಾರೆಕ್ಟರ್ ಎಐಯ ಒಂದು ಪಾತ್ರದೊಡನೆ ತಿಂಗಳುಗಟ್ಟಲೆ ಮಾತನಾಡುತ್ತ, ಶಾಲೆ, ಆಟ, ಗೆಳೆಯರಿಂದ ದೂರವಾಗುತ್ತ ಬಂದು 2024ರ ಫೆಬ್ರವರಿಯಲ್ಲಿ ಪ್ರಾಣ ಕಳೆದುಕೊಂಡ. ತಾಯಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಂಪನಿಯ ಮೇಲೆ ದಾವೆ ಹೂಡಿದರು. 2025ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ 16 ವರ್ಷದ ಇನ್ನೊಬ್ಬ ಹುಡುಗನ ತಂದೆತಾಯಿ ಓಪನ್‌ಎಐ ಮೇಲೆ ಅಂಥದೇ ದಾವೆ ತಂದರು. ಎಲ್ಲ ಹೊಣೆಯೂ ಯಂತ್ರದ್ದೇ ಎಂದು ನಾವು ತೀರ್ಪು ಕೊಡಲಾರೆವು. ಆದರೆ ಓಪನ್‌ಎಐ ತಾನೇ 2025ರ ಅಕ್ಟೋಬರ್‌ನಲ್ಲಿ ಹೇಳಿದ ಲೆಕ್ಕವನ್ನು ಕೇಳಿ: ವಾರವೊಂದರಲ್ಲಿ ತನ್ನನ್ನು ಬಳಸುವವರಲ್ಲಿ ನೂರಕ್ಕೆ 0.15ರಷ್ಟು ಮಂದಿಯ ಮಾತುಕತೆಯಲ್ಲಿ ಸಾಯುವ ಯೋಚನೆಯ ಸ್ಪಷ್ಟ ಸೂಚನೆಗಳಿವೆ. ಅಲ್ಪವೆನಿಸಬಹುದು. ವಾರಕ್ಕೆ ಬಳಸುವವರು 80 ಕೋಟಿ ಎಂದು ಅದೇ ಕಂಪನಿ ಹೇಳಿಕೊಂಡಿತ್ತು. ಗುಣಿಸಿದರೆ 10 ಲಕ್ಷಕ್ಕೂ ಮೇಲಾಗುತ್ತದೆ. ಅಷ್ಟು ಜನ ತಮ್ಮ ಜೀವದ ಅತಿ ಕಷ್ಟದ ಮಾತನ್ನು ಮನೆಯವರಿಗೆ ಹೇಳುವ ಬದಲು ಅಲ್ಲಿ ಹೇಳುತ್ತಿದ್ದಾರೆ.

ಆ ಬಳಿಕ ಕೆಲವು ಕಟ್ಟುಪಾಡುಗಳು ಬಂದಿವೆ. ಕ್ಯಾರೆಕ್ಟರ್ ಎಐ 2025ರ ನವೆಂಬರ್‌ನಿಂದ 18 ವರ್ಷದೊಳಗಿನವರೊಡನೆ ಮುಕ್ತ ಮಾತುಕತೆಯನ್ನು ನಿಲ್ಲಿಸಿತು. ಕ್ಯಾಲಿಫೋರ್ನಿಯಾ ರಾಜ್ಯ ಮಾಡಿದ ಕಾಯ್ದೆಯಂತೆ, ಮಕ್ಕಳೊಡನೆ ಮಾತನಾಡುವ ಒಡನಾಡಿ ಯಂತ್ರವು ತಾನು ಮನುಷ್ಯನಲ್ಲವೆಂದು ಮೂರು ಗಂಟೆಗೊಮ್ಮೆ ನೆನಪಿಸಬೇಕು. ಮೂರು ಗಂಟೆಗೊಮ್ಮೆ! ನಮ್ಮೂರಲ್ಲಿ ಯಾರಾದರೂ ಒಂದೇ ಸಮನೆ ಮೂರು ಗಂಟೆ ಒಬ್ಬರ ಮಾತು ಕೇಳಿದ್ದುಂಟೇ?

ಯಂತ್ರದಿಂದ ಒಳ್ಳೆಯದಾಗಿಯೇ ಇಲ್ಲವೆಂದರೆ ಅದು ಅನ್ಯಾಯದ ಮಾತಾದೀತು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನವರು ನಡೆಸಿದ ಅಧ್ಯಯನದಲ್ಲಿ, ಯಂತ್ರದೊಡನೆ ಮಾತಾಡಿದ ಆ ಹೊತ್ತಿಗೆ ಒಂಟಿತನ ಕಡಿಮೆಯಾದದ್ದು ಕಂಡಿದೆ. ಮಾತು ತೊದಲುವವರಿಗೆ, ಹೊರಗೆ ಹೋಗಲಾರದವರಿಗೆ ಅದರಿಂದ ಸಮಾಧಾನ ಸಿಕ್ಕೀತು. ಆದರೆ ಎಂಐಟಿ ವಿದ್ಯಾಸಂಸ್ಥೆ ಮತ್ತು ಓಪನ್‌ಎಐ ಸೇರಿ ಸುಮಾರು ಸಾವಿರ ಜನರನ್ನು ನಾಲ್ಕು ವಾರ ಗಮನಿಸಿ 2025ರಲ್ಲಿ ಹೇಳಿದ್ದು ಬೇರೆ. ದಿನಕ್ಕೆ ಹೆಚ್ಚು ಹೊತ್ತು ಬಳಸಿದವರಲ್ಲಿ ಒಂಟಿತನವೂ ಯಂತ್ರದ ಮೇಲಿನ ಅವಲಂಬನೆಯೂ ಹೆಚ್ಚು, ಜನರೊಡನೆ ಬೆರೆಯುವುದು ಕಡಿಮೆ. ಬಳಸಿ ಒಂಟಿಯಾದರೋ, ಒಂಟಿಯಾದ್ದರಿಂದ ಬಳಸಿದರೋ ಎಂದು ತರ್ಕಿಸಬಹುದು. ಎರಡೂ ನಿಜವಿರಬಹುದು. ನೋವಿಗೆ ಮುಲಾಮು ಹಚ್ಚಿದರೆ ಆ ಕ್ಷಣಕ್ಕೆ ತಂಪು. ಮುರಿದ ಮೂಳೆಗೆ ಮುಲಾಮು ಹಚ್ಚುತ್ತ ಕೂತರೆ ಕಾಲು ಸೊಟ್ಟಗಾಗುವುದು.

ಇಲ್ಲೊಂದು ಆಕ್ಷೇಪ ಬರಬಹುದು. ಲಿಂಗವಂತನೂ ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ಏಕಾಂತದಲ್ಲಿ ಕೂರುವುದಿಲ್ಲವೇ, ಅದಕ್ಕೂ ಇದಕ್ಕೂ ಭೇದವೇನು ಎಂದು ಓದಿದ ಹುಡುಗರು ಕೇಳಿದರೆ ಗದರಬೇಡಿ, ಒಳ್ಳೆಯ ಪ್ರಶ್ನೆಯೇ. ಇಷ್ಟಲಿಂಗ ನಮಗೆ ಹಿತವಾದ ಮಾತನ್ನು ಹೇಳುವುದಿಲ್ಲ, ಮಾತನ್ನೇ ಆಡುವುದಿಲ್ಲ. ಅದರ ಮುಂದೆ ಕೂತಾಗ ನಮ್ಮ ಚಂಚಲತೆ ನಮಗೇ ಕಾಣುತ್ತದೆ, ಮಾತು ಕಡಿಮೆಯಾಗುತ್ತ ಹೋಗುತ್ತದೆ. ಅಲ್ಲದೆ ಶರಣರು ಪೂಜೆಯಷ್ಟಕ್ಕೇ ನಿಲ್ಲಲಿಲ್ಲ. ಲಿಂಗದ ಜೊತೆಗೆ ಜಂಗಮವನ್ನು ಇಟ್ಟರು, ದಾಸೋಹವನ್ನು ಇಟ್ಟರು. ಕಣ್ಣು ಮುಚ್ಚಿ ಪೂಜಿಸಿದವನು ಕಣ್ಣು ತೆರೆದು ಬಾಗಿಲಲ್ಲಿ ನಿಂತ ಹಸಿದವನಿಗೆ ಎಡೆಯಿಡಬೇಕು. ಜಂಗಮ ಎಂದರೆ ಚಲಿಸುವವನು, ಮನೆ ಮನೆಗೆ ನಡೆದುಬರುವವನು. ಅವನು ಬರುವಾಗ ಮನೆಯಲ್ಲಿ ಅಕ್ಕಿ ಇದೆಯೇ ಇಲ್ಲವೇ, ಮನೆಯೊಡತಿಯ ಮುಖ ಏಕೆ ಬಾಡಿದೆ ಎಂಬುದು ಅವನಿಗೆ ಕೇಳದೆಯೇ ತಿಳಿಯುತ್ತದೆ. ಟೈಪು ಮಾಡಿದ್ದಷ್ಟೇ ಯಂತ್ರಕ್ಕೆ ಗೊತ್ತು. ಬಾಡಿದ ಮುಖದವರು "ಚೆನ್ನಾಗಿದ್ದೇನೆ" ಎಂದು ಬರೆದರೆ ಅದು ಸಂತೋಷ ಎನ್ನುತ್ತದೆ.

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಬೆಟ್ಟದಕಾಡು, ಕುಂಬಾರಗುಂಡಿಯ ಮನೆಗಳಿಗೆ ನುಗ್ಗಿದಾಗ ಮನೆ ಕಳಕೊಂಡವರು ಪರಿಹಾರ ಕೇಂದ್ರದಲ್ಲಿ ಯಾವ ಜಾತಿ, ಯಾವ ಭಾಷೆ ಎನ್ನದೆ ಒಂದೇ ಚಾಪೆಯ ಮೇಲೆ ಮಲಗಿ ಎದ್ದರು. ಹೊಳೆಗೆ ಹೋದದ್ದನ್ನು ಅಲ್ಲಿ ಕೂಡಿಬಂದವರು ಹಿಂದಿರುಗಿಸಲಾಗಲಿಲ್ಲ. ಆದರೂ ಪಕ್ಕದಲ್ಲಿ ಮಲಗಿದವರ ಕೆಮ್ಮು ಕೇಳಿಸುವಷ್ಟು ಹತ್ತಿರ ಮನುಷ್ಯರಿದ್ದರು. ಈಗ ಅದೇ ಊರಿನಲ್ಲಿ ಗೋಡೆಯಾಚೆಯ ಮನೆಯಲ್ಲಿ ಹುಡುಗ ಮೂರು ದಿನದಿಂದ ಊಟ ಬಿಟ್ಟಿರುವುದು ಈಚೆಯವರಿಗೆ ತಿಳಿಯದು. ಹೊಳೆಯ ನೀರು ಒಳಗೆ ಬಂದರೆ ಎಲ್ಲರಿಗೂ ಕಾಣುತ್ತದೆ; ಇದು ಕಾಣದು.

ಹಾಗಾದರೆ ಮೊಬೈಲು ಕಿತ್ತುಕೊಳ್ಳೋಣವೇ ಎಂದು ಕೇಳುವ ಹಿರಿಯರಿದ್ದಾರೆ. ಕಿತ್ತುಕೊಂಡು ಅದರ ಜಾಗದಲ್ಲಿ ಏನು ಇಡುತ್ತೀರಿ? ಮಕ್ಕಳು ಯಂತ್ರಕ್ಕೆ ಹೇಳುವುದಕ್ಕೆ ಕಾರಣವಿದೆ. ಅಪ್ಪನ ಬಳಿ ಬಾಯಿ ಬಿಟ್ಟರೆ ಪೂರ್ತಿ ಕೇಳುವ ಮುಂಚೆಯೇ ಬೈಗುಳ. ಚಿಕ್ಕಮ್ಮನ ಬಳಿ ಹೇಳಿದ್ದು ಸಂಜೆಯೊಳಗೆ ಬಸ್ ನಿಲ್ದಾಣದ ಚಹಾ ಅಂಗಡಿಗೆ ಬಂದಿರುತ್ತದೆ. ಚಿಕ್ಕ ಊರುಗಳಲ್ಲಿ ಗುಟ್ಟು ಉಳಿಯುವುದಿಲ್ಲವೆಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಯಂತ್ರ ಚಾಡಿ ಹೇಳದು ಎಂಬ ನಂಬಿಕೆ ಅವರದು. ಅದೂ ಪೂರ್ತಿ ನಿಜವಲ್ಲ; ಅಲ್ಲಿ ಆಡಿದ ಮಾತು ಕಂಪನಿಯ ಬಳಿ ಉಳಿಯುತ್ತದೆ. ವೈದ್ಯರೊಡನೆ, ವಕೀಲರೊಡನೆ ಆಡಿದ ಮಾತಿಗೆ ಕಾನೂನಿನಲ್ಲಿ ಇರುವ ಗುಟ್ಟಿನ ರಕ್ಷಣೆ ಇದಕ್ಕಿಲ್ಲವೆಂದು ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅವರೇ 2025ರ ಜುಲೈನಲ್ಲಿ ಹೇಳಿದ್ದಾರೆ. ಇದನ್ನು ಮಕ್ಕಳಿಗೆ ಬೆದರಿಸುವ ದನಿಯಲ್ಲಿ ಅಲ್ಲ, ತಿಳಿಹೇಳುವ ದನಿಯಲ್ಲಿ ಹೇಳಿರಿ. ಅದಕ್ಕಿಂತ ಮೊದಲು, ಅವರು ಹೇಳಿದ ಮಾತು ನಿಮ್ಮ ಹೊಟ್ಟೆಯಲ್ಲಿ ಉಳಿಯುವುದೆಂಬ ಭರವಸೆ ಅವರಿಗೆ ಬರಬೇಕು. ಅಜ್ಜ ಅಜ್ಜಿಯರಿಗೆ ಇದು ಅಪ್ಪ ಅಮ್ಮಂದಿರಿಗಿಂತ ಸುಲಭ. ಸಮಯವಿದೆ, ಅನುಭವವಿದೆ, ಪರೀಕ್ಷೆಯ ಅಂಕ ಕೇಳುವ ಆತುರವೂ ಇಲ್ಲ.

ಒಂಟಿಯಾಗಿರುವ ಹಿರಿಯರಿಗೂ ಇದೇ ಮಾತು ಅನ್ವಯಿಸುತ್ತದೆ. ದೂರದಲ್ಲಿರುವ ಮಗ ಬೇಸರ ಕಳೆಯಲೆಂದು ಮಾತನಾಡುವ ಯಂತ್ರವನ್ನು ಫೋನಿಗೆ ಹಾಕಿಕೊಟ್ಟರೆ ಬೇಡವೆನ್ನಬೇಕಾಗಿಲ್ಲ. ಔಷಧದ ಹೊತ್ತು ಕೇಳಿ, ಹವಾಮಾನ ಕೇಳಿ. ಮಗನಿಗೆ ಹೇಳಬೇಕಾದ್ದನ್ನು ಮಾತ್ರ ಮಗನಿಗೇ ಹೇಳಿ. ಯಂತ್ರದ ಮುಂದೆ ಅತ್ತು ಹಗುರಾಗಿ, ಮಗನ ಮುಂದೆ "ನಾನು ಚೆನ್ನಾಗಿದ್ದೇನೆ, ನೀನು ಬರುವುದು ಬೇಡ" ಎನ್ನುತ್ತ ಹೋದರೆ ಅವನು ಬರುವುದೇ ಇಲ್ಲ.

ಕೊನೆಗೊಂದು ಮಾತು, ಇದನ್ನು ಕೆಲವರು ನಮ್ಮಿಂದ ನಿರೀಕ್ಷಿಸಲಾರರು. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಯಾರ ಮುಖವನ್ನೂ ನೋಡಬೇಡವೆನ್ನಿಸುವುದು, ಬದುಕು ಸಾಕೆನ್ನಿಸುವುದು, ಇವು ವಾರಗಟ್ಟಲೆ ಹಿಡಿದರೆ ಅದು ಕಾಯಿಲೆ. ದೃಷ್ಟಿ ತೆಗೆಸಿ, ತಾಯಿತ ಕಟ್ಟಿಸಿ ದಿನ ಕಳೆಯಬೇಡಿ. ಮಠಕ್ಕೆ ಬನ್ನಿ, ಆಶೀರ್ವಾದ ಪಡೆಯಿರಿ, ಜೊತೆಗೆ ವೈದ್ಯರಲ್ಲಿಗೂ ಹೋಗಿರಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮೊಬೈಲು, ಇಂಟರ್ನೆಟ್ಟಿನ ಅತಿಬಳಕೆಗೆಂದೇ ಒಂದು ಚಿಕಿತ್ಸಾಲಯ 2014ರಿಂದ ನಡೆಯುತ್ತಿದೆ. ಅಷ್ಟು ದೂರ ಹೋಗಲಾರದವರಿಗೆ ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಸೇವೆಯನ್ನು ಆರಂಭಿಸಿದೆ. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು, ಆ ಕಡೆ ಕೂತಿರುವವರು ತರಬೇತಿ ಪಡೆದ ಸಲಹೆಗಾರರು. ಮನೆಯ ಹುಡುಗನ ಬಗ್ಗೆ ಅಜ್ಜನೇ ಕರೆಮಾಡಿ ವಿಚಾರಿಸಬಹುದು. ಗುಂಡಿ ಒತ್ತುವ ಹಳೆಯ ಫೋನಿನಿಂದಲೂ ಕರೆ ಹೋಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ, ಗ್ಯಾಸಿನವನ ನಂಬರಿನ ಪಕ್ಕದಲ್ಲಿ ಇದನ್ನೂ ಬರೆದಿಡಿ.